ಫಜಲುಲ್ಲಾ ಮೇಸ್ತ್ರಿ ನಡೆದ ನಕ್ಷೆ

ಹೊನ್ನಗುಡ್ಡ ಕ್ಯೂರಿಂಗ್ ವರ್ಕ್ಸ್‌ನ ದೊಡ್ಡ ಗೋದಾಮಿನೊಳಗೆ ಕಣ್ಣು ಕಟ್ಟಿ ಬಿಟ್ಟರೂ ಫಜಲುಲ್ಲಾ ಮೇಸ್ತ್ರಿ ಕೇಳಿದ ಲಾಟಿನ ಮೂಟೆಗಳ ಮುಂದೆಯೇ ಹೋಗಿ ನಿಲ್ಲುತ್ತಾನೆ ಎಂದು ಚಿಕ್ಕಮಗಳೂರಿನ ಕಾಫಿಯವರು ಹೇಳುತ್ತಿದ್ದರು. ಆ ಮಾತು ಅರ್ಧ ನಿಜ, ಇನ್ನರ್ಧ ಚಹಾದಂಗಡಿಯಲ್ಲಿ ಬೆಳೆದದ್ದು. ಅವನ ಮೂಗು ಚುರುಕಾಗಿತ್ತು ಎನ್ನುವುದು ಮಾತ್ರ ಪೂರ್ತಿ ನಿಜ. ಯಾವ ಮೂಟೆ ಬಣಕಲ್ ಕಡೆಯ, ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್, ಯಾವುದು ಕಳಸದ, ಹಣ್ಣಾಗಿಯೇ ಒಣಗಿಸಿದ ಚೆರಿ, ಯಾವುದರೊಳಗೆ ಸರಿಯಾಗಿ ಒಣಗದ ಕಾಫಿಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಮೆಲ್ಲಗೆ ತುಂಬಿಸಿ ಕಳಿಸಿದ್ದಾನೆ ಎಂಬುದನ್ನು ಗೋಣಿಗೆ ಮೂಗು ಹಚ್ಚಿ ಹೇಳುತ್ತಿದ್ದ. ಮೂವತ್ತು ವರ್ಷ ಹಾಗೆಯೇ ಹೇಳಿದ. ಅದೇ ಮೂಗನ್ನು ಬಳಸಲೇಬೇಕಾಗಿದ್ದ ಒಂದು ದಿನ ಬಳಸಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಅಯ್ಯೋ ಅನ್ನಿಸುತ್ತದೆ.

ಅವನು ಹುಟ್ಟಿದ್ದು ಬಣಕಲ್‌ನಲ್ಲಿ. ಅಪ್ಪ ಹೆದ್ದಾರಿಯ ಪಕ್ಕ ಲಾರಿ ರಿಪೇರಿ ಮಾಡುತ್ತಿದ್ದ. ಜುಲೈ ತಿಂಗಳ ಮಂಜಿನಲ್ಲಿ ಶಾಲೆಯಿಂದ ಮನೆಗೆ ಬರುವಾಗ ನಾಲ್ಕು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಎಡಗಡೆ ಹಿಟ್ಟಿನ ಗಿರಣಿಯ ಸದ್ದು ಜೋರಾಗಿ, ಬಲಗಡೆ ಬಸ್ಸಿನ ಹಾರ್ನ್ ಸಣ್ಣಗೆ, ಹಿಂದಿನಿಂದ ಅಪ್ಪನ ಸುತ್ತಿಗೆ ಸದ್ದು ಇನ್ನೂ ಸಣ್ಣಗೆ ಕೇಳಿದರೆ, ತಾನು ನಿಂತಿರುವುದು ಸೇತುವೆಯ ಮೇಲೆ ಎಂದು ಹುಡುಗನಿಗೆ ಗೊತ್ತಾಗುತ್ತಿತ್ತು. ಹಾಗೆ ಕಿವಿಯಿಂದಲೇ ದಾರಿ ಹಿಡಿದು ಬೆಳೆದವನು ಅವನು. ಇಪ್ಪತ್ತೇಳನೇ ವಯಸ್ಸಿಗೆ ಹೊನ್ನಗುಡ್ಡ ಸೇರಿದ. ತೋಟಗಳಿಂದ ಬರುವ ಒಣ ಕಾಫಿಯ ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರ್ಪಡಿಸಿ, ಹಡಗಿಗೆ ಕಳಿಸುವ ಕಾರ್ಖಾನೆ ಅದು. ಸೇರುವಾಗ ಗುಮಾಸ್ತನಿಗೆ ಸಹಾಯಕ, ಹತ್ತು ವರ್ಷದಲ್ಲಿ ಗೋದಾಮಿನ ಮೇಸ್ತ್ರಿ.

ಅದೇ ವರ್ಷ, ಅದೇ ತಿಂಗಳು ಸೇರಿದವನು ವಸ್ತಾರೆಯ ಕೃಷ್ಣಪ್ಪ. ಮೂಟೆ ಹೊರುವ ಕೆಲಸ. ಆಳು ಕುಳ್ಳ, ಕತ್ತು ಗಟ್ಟಿ, ಮಾತು ಕಡಿಮೆ, ತಮಾಷೆ ಮಾತ್ರ ಜಾಸ್ತಿ. ಮಧ್ಯಾಹ್ನ ಇಬ್ಬರೂ ಗೋದಾಮಿನ ಹೊರಗೆ, ತೂಕದ ಯಂತ್ರದ ಪಕ್ಕದ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಕೃಷ್ಣಪ್ಪನ ಹೆಂಡತಿ ನಂಜಮ್ಮ ಕಟ್ಟಿದ ಅಕ್ಕಿರೊಟ್ಟಿ ಫಜಲುಲ್ಲಾನ ಕೈಗೆ, ಫಜಲುಲ್ಲಾನ ಹೆಂಡತಿ ಶಹರ್ ಬಾನು ಮಾಡಿದ ಚಪಾತಿ ಕೃಷ್ಣಪ್ಪನ ಕೈಗೆ. ಹೀಗೆ ಇಬ್ಬರೂ ತಮ್ಮ ತಮ್ಮ ಮನೆಯ ಅಡುಗೆಯ ರುಚಿ ಮರೆತಿದ್ದರು ಎಂದು ಕೂಲಿಯವರು ರೇಗಿಸುತ್ತಿದ್ದರು. ರಂಜಾನ್ ತಿಂಗಳಲ್ಲಿ ಮಾತ್ರ ಆ ಕಟ್ಟೆ ಖಾಲಿ. ಫಜಲುಲ್ಲಾ ಉಪವಾಸ. ಕೃಷ್ಣಪ್ಪ ಅಂಗಳದಾಚೆಯ ಕ್ಯಾಂಟೀನಿಗೆ ಹೋಗಿ ಉಳಿದವರ ಜೊತೆ ಉಣ್ಣುತ್ತಾನೆ ಎಂದು ಫಜಲುಲ್ಲಾ ತಿಳಿದಿದ್ದ. ಯಾಕೆ ಹೋಗುತ್ತಾನೆ ಎಂದು ಅವನು ಕೇಳಿದವನಲ್ಲ, ಕೃಷ್ಣಪ್ಪ ಹೇಳಿದವನೂ ಅಲ್ಲ.

ಎರಡು ಸಾವಿರದ ಇಪ್ಪತ್ನಾಲ್ಕರ ಆಗಸ್ಟ್‌ನಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದಾಗ, ಹಾಸನದ ಕಂಪನಿಯಿಂದ ಸೌಂದರ್ಯ ಎಂಬ ಇಂಜಿನಿಯರ್ ಹುಡುಗಿ ಬಂದಳು. ಯಾವ ಲಾಟಿನ ಹತ್ತಿರ ಯಾರು, ಎಷ್ಟು ಹೊತ್ತು ಇದ್ದರು ಎಂಬ ದಾಖಲೆ ಬೇಕೆಂದು ಹೊರದೇಶದ ಖರೀದಿದಾರರು ಕೇಳಿದ್ದರಂತೆ. ಗೋದಾಮಿನ ಮಾಡಿನಡಿ ಆರು ಬಿಳಿ ಡಬ್ಬಿ ಸಿಕ್ಕಿಸಿದಳು. ಮನೆಗಳಲ್ಲಿ, ಹೋಟೆಲುಗಳಲ್ಲಿ ಇರುತ್ತದಲ್ಲ, ಅದೇ ವೈಫೈ. ಕೆಲಸದವರ ಕೊರಳಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೊಂದು ಬಿಲ್ಲೆ. ಬಿಲ್ಲೆಗೆ ಯಾವ ಡಬ್ಬಿ ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದನ್ನು ನೋಡಿ, ಆ ಮನುಷ್ಯ ಎಲ್ಲಿ ನಿಂತಿದ್ದಾನೆ ಎಂದು ಆಫೀಸಿನ ಪರದೆಯ ಮೇಲೆ ಒಂದು ಚುಕ್ಕಿ ತೋರಿಸುತ್ತದೆ.

"ಇದು ನಂಗೆ ಹೊಸದಲ್ಲ ಮಗಳೇ" ಎಂದ ಫಜಲುಲ್ಲಾ. ಬಣಕಲ್‌ನ ಮಂಜು, ಗಿರಣಿ, ಹಾರ್ನ್, ಸುತ್ತಿಗೆ ಎಲ್ಲವನ್ನೂ ಅವಳಿಗೆ ಹೇಳಿದ. ಸೌಂದರ್ಯ ನಕ್ಕು, "ಮೇಸ್ತ್ರಿ, ಕಾಲೇಜಲ್ಲಿ ನಮ್ಗೆ ಎರಡು ತಿಂಗಳು ಹೇಳಿಕೊಟ್ಟಿದ್ದನ್ನ ನೀವು ಎರಡೇ ನಿಮಿಷದಲ್ಲಿ ಹೇಳಿಬಿಟ್ರಿ" ಅಂದಳು. ಅಲ್ಲಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಚುಕ್ಕಿ ಸರಿಯಾಗಿ ಬೀಳಬೇಕಾದರೆ ಮೊದಲು ಯಾರಾದರೂ ಇಡೀ ಗೋದಾಮನ್ನು ನಡೆಯಬೇಕಿತ್ತು. ನೆಲದ ಮೇಲೆ ಸುಣ್ಣದಿಂದ ಆರುನೂರ ಹನ್ನೆರಡು ಚೌಕ ಬರೆದರು. ಪ್ರತಿ ಚೌಕದಲ್ಲಿ ಫೋನು ಹಿಡಿದು ನಿಲ್ಲುವುದು. ನಾಲ್ಕು ದಿಕ್ಕಿಗೆ ತಿರುಗಿ, ಒಂದೊಂದು ದಿಕ್ಕಿಗೆ ಒಂದು ನಿಮಿಷ. ಆ ಚೌಕದಲ್ಲಿ ಆರು ಡಬ್ಬಿಗಳೂ ಹೇಗೆ ಕೇಳಿಸುತ್ತವೆ ಎಂಬುದನ್ನು ಫೋನು ಬರೆದುಕೊಳ್ಳುತ್ತದೆ. ಮುಂದೆ ಯಾವ ಬಿಲ್ಲೆಗೆ ಹಾಗೆಯೇ ಕೇಳಿಸುತ್ತದೋ ಅದು ಆ ಚೌಕದಲ್ಲಿದೆ ಎಂದು ಲೆಕ್ಕ. ಈ ಕೆಲಸಕ್ಕೆ ಮ್ಯಾನೇಜರ್ ರಾಜೀವ್ ಯಾರನ್ನು ಕಳಿಸಲಿ ಎಂದು ಕೇಳುವ ಮೊದಲೇ ಫಜಲುಲ್ಲಾ ಫೋನು ಕೈಗೆ ತೆಗೆದುಕೊಂಡಿದ್ದ.

ಒಂಬತ್ತು ದಿನ ನಡೆದ. ಮಳೆಗಾಲದಲ್ಲಿ ಗೋದಾಮು ಖಾಲಿ. ನಡೆದರೆ ಹೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಕೆಲಸವಿಲ್ಲದ ಕೃಷ್ಣಪ್ಪ ಬಾಗಿಲ ಹತ್ತಿರ ಮಡಿಸಿದ ಗೋಣಿಯ ಮೇಲೆ ಕೂತು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಾ ನೋಡುತ್ತಿದ್ದ. ಎರಡು ವರ್ಷದಿಂದ ಅವನ ಮಂಡಿ ಕೈಕೊಟ್ಟಿತ್ತು.

"ಏನ್ ಮಾರಾಯ, ಅಷ್ಟು ಸಲ ತಿರುಗ್ತೀಯಲ್ಲ? ನಮಾಜಿಗೆ ದಿಕ್ಕು ಮರೆತುಹೋಯ್ತಾ?"

"ಸುಮ್ನಿರೋ. ಒಂದು ಚೌಕ ತಪ್ಪಿದ್ರೂ ನಾಳೆ ನೀನು ಎಲ್ಲಿದ್ದೀಯ ಅಂತಾನೇ ಗೊತ್ತಾಗಲ್ಲ."

"ನಾನು ಎಲ್ಲಿಗೆ ಹೋಗ್ತೀನಿ? ಕೂಗು, ಓ ಅಂತೀನಿ."

ಗೋದಾಮಿನ ಮೂಡಣ ಮೂಲೆಯಲ್ಲಿ ಒಂದು ಕಲ್ಲುಕೋಣೆ ಇದೆ. ಇಂಗ್ಲಿಷರ ಕಾಲದ್ದು, ಗೋಡೆ ಎರಡು ಮೊಳ ದಪ್ಪ, ಬೇಸಿಗೆಯಲ್ಲೂ ತಂಪು. ವಿಶೇಷ ಕಾಫಿಯನ್ನು ಅಲ್ಲಿಡುತ್ತಾರೆ. ಅಲ್ಲಿ ನಿಂತಾಗ ಫೋನು ನೋಡಿ ಸೌಂದರ್ಯ ಹೇಳಿದಳು: "ಆರೂ ಡಬ್ಬಿ ಇಲ್ಲಿ ತುಂಬ ಸಣ್ಣಗೆ ಕೇಳ್ತಿವೆ ನೋಡಿ. ಇಡೀ ಗೋದಾಮಲ್ಲಿ ಹೀಗಿರೋದು ಇದೊಂದೇ ಜಾಗ. ಆರೂ ಸಣ್ಣಗಾದ್ರೆ ಆ ಮನುಷ್ಯ ಕಲ್ಲುಕೋಣೇಲಿದ್ದಾನೆ ಅಂತಲೇ ಅರ್ಥ."

ಹೊರಡುವ ದಿನ ಅವಳು ಇನ್ನೊಂದು ಮಾತನ್ನೂ ಹೇಳಿದಳು. ಸೀಜನ್ನಿನಲ್ಲಿ ಮೂಟೆ ತುಂಬಿದ ಮೇಲೆ ಮತ್ತೊಮ್ಮೆ ಎಲ್ಲ ಚೌಕವನ್ನೂ ನಡೆಯಬೇಕು, ಮೂಟೆಗಳು ಸಿಗ್ನಲ್ ನುಂಗುತ್ತವೆ ಎಂದು. ಫಜಲುಲ್ಲಾ ಹೂಂ ಅಂದ. ಆದರೆ ಕಾಫಿ ಊರಿನಲ್ಲಿ ಪುರುಸೊತ್ತಿನ ಕೆಲಸವೆಲ್ಲ ಮಳೆಗಾಲದ್ದು. ಗಾರೆ, ಸುಣ್ಣ, ಬೀಗ ರಿಪೇರಿ, ಮಕ್ಕಳ ಕಿವಿ ಚುಚ್ಚಿಸುವುದು, ಎಲ್ಲವನ್ನೂ ಆಗಲೇ ಮುಗಿಸಿಕೊಳ್ಳಬೇಕು. ಡಿಸೆಂಬರಿನಿಂದ ಲಾರಿಗಳು ಗೇಟಿನಾಚೆ ಸಾಲು ನಿಂತ ಮೇಲೆ ಯಾರಿಗೆ ಬಿಡುವು? ಜನವರಿಯಲ್ಲಿ ಸೌಂದರ್ಯ ಫೋನ್ ಮಾಡಿ ನೆನಪಿಸಿದಾಗ ಫಜಲುಲ್ಲಾ, "ಬೇಕಾಗಿಲ್ಲ ಮಗಳೇ, ನಾನು ಒಂದು ಚೌಕವನ್ನೂ ಬಿಟ್ಟಿಲ್ಲ" ಎಂದ. ಅಷ್ಟು ಹೊತ್ತಿಗೆ ಮೂಟೆಗಳ ಅಟ್ಟಿ ಮಾಡಿನ ಹತ್ತಿರ ಹತ್ತಿರ ಏರಿತ್ತು. ಕಲ್ಲುಕೋಣೆಗೆ ಎದುರಿನ ಪಡುಗೋಡೆಯ ಕಡೆ ಚೆರಿ ಮೂಟೆಗಳ ಉದ್ದನೆಯ ಅಟ್ಟಿ, ಅದಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಸಂದು.

ಫೆಬ್ರವರಿ ಕೊನೆಯಲ್ಲಿ ಕಲ್ಲುಕೋಣೆಗೆ ಒಂದು ವಿಶೇಷ ಲಾಟ್ ಬಂತು. ಮೂಡಿಗೆರೆಯ ಒಂದು ತೋಟದವರು ವರ್ಷವಿಡೀ ಮಗುವಿನಂತೆ ನೋಡಿಕೊಂಡ ಕಾಫಿ. ಮಾರ್ಚ್ ಆರಂಭಕ್ಕೆ ರಂಜಾನ್ ಹಿಡಿಯಿತು. ತಿಂಗಳ ನಡುವೆ ಕಾಫಿ ರುಚಿ ನೋಡುವವರು ಆ ಲಾಟಿನ ಸ್ಯಾಂಪಲ್ ಕುಡಿದು ಕಪ್ಪು ಕೆಳಗಿಟ್ಟರು. ಔಷಧಿ ವಾಸನೆ ಎಂದರು. ಕಾಫಿಬೀಜ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಅದಕ್ಕೇ ಗೋದಾಮಿನಲ್ಲಿ ಬೀಡಿ ಇಲ್ಲ, ಊಟ ಇಲ್ಲ, ಊದುಬತ್ತಿ ಕೂಡ ಇಲ್ಲ.

ರಾಜೀವ್ ಕಂಪ್ಯೂಟರ್ ತೆಗೆದು ಕಲ್ಲುಕೋಣೆಗೆ ಹೋಗಿಬಂದವರ ಚುಕ್ಕಿಗಳನ್ನು ನೋಡಿದ. ಆಮೇಲೆ ಕೃಷ್ಣಪ್ಪನನ್ನೂ ಮೇಸ್ತ್ರಿಯನ್ನೂ ಆಫೀಸಿಗೆ ಕರೆಸಿದ. ರಾಜೀವ್ ಕೆಟ್ಟವನೇನಲ್ಲ. ಕೂಗಾಡಲಿಲ್ಲ, ಇಬ್ಬರನ್ನೂ ಕೂರಿಸಿಯೇ ಕೇಳಿದ.

"ಕೃಷ್ಣಪ್ಪ, ಹನ್ನೊಂದು ದಿನ. ಮಧ್ಯಾಹ್ನ ಒಂದರಿಂದ ಒಂದೂ ಇಪ್ಪತ್ತರವರೆಗೆ ದಿನಾ ನೀವು ಕಲ್ಲುಕೋಣೇಲಿದ್ದೀರಿ. ಅಲ್ಲೇನು ಕೆಲಸ ನಿಮ್ಗೆ?"

"ನಾನು ಕಲ್ಲುಕೋಣೆಗೆ ಕಾಲೇ ಇಟ್ಟಿಲ್ಲ ಸಾರ್. ಪಡುಗೋಡೆ ಅಟ್ಟಿ ಹಿಂದೆ ಕೂತಿದ್ದೆ."

"ಏನು ಮಾಡ್ತಾ?"

ಕೃಷ್ಣಪ್ಪ ಫಜಲುಲ್ಲಾನ ಕಡೆ ಒಮ್ಮೆ ನೋಡಿದ. ಆಮೇಲೆ ನೆಲ ನೋಡಿದ. "ಸುಮ್ನೆ ಕೂತಿದ್ದೆ."

ಆಫೀಸಿನ ತುಂಬ ನೀಲಗಿರಿ ಎಣ್ಣೆಯ ವಾಸನೆ. ರಾಜೀವ್ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಂಪು ಕೋಣೆ, ನೋಯುವ ಮಂಡಿ, ಎಣ್ಣೆ, ಔಷಧಿ ವಾಸನೆ. ಅವನು ಮೇಸ್ತ್ರಿಯ ಕಡೆ ತಿರುಗಿದ. "ನೀವು ಹೇಳಿ. ನಕ್ಷೆ ತಪ್ಪೋಕೆ ಸಾಧ್ಯ ಉಂಟಾ?"

ಇಲ್ಲೇ ನೋಡಿ. ಮೂವತ್ತು ವರ್ಷ ಒಟ್ಟಿಗೆ ಉಂಡವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ. ಗೊತ್ತಿಲ್ಲ ಸಾರ್, ಒಮ್ಮೆ ನೋಡೋಣ ಎಂದಿದ್ದರೆ ಸಾಕಿತ್ತು. ಮೂಟೆ ತುಂಬಿದ ಮೇಲೆ ಮತ್ತೆ ನಡೆಯಲು ಹೇಳಿದ್ದರು, ನಾನು ನಡೆಯಲಿಲ್ಲ ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ಫಜಲುಲ್ಲಾನ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅವನು ಹೇಳಿದ್ದು ಬೇರೆ.

"ನಾನು ನಡೆದ ನಕ್ಷೆ ಸಾರ್. ತಪ್ಪಲ್ಲ."

ಹೊರಗೆ ಬಂದ ಮೇಲೆ ತೂಕದ ಯಂತ್ರದ ಹತ್ತಿರ ಕೃಷ್ಣಪ್ಪ ಅವನ ತೋಳು ಹಿಡಿದ. "ಬಾ ಮಾರಾಯ, ಒಂದ್ಸಲ ನೋಡು ಬಾ. ಇಲ್ಲಿಂದ ನಲವತ್ತು ಹೆಜ್ಜೆ. ನಾನು ಕೂರೋ ಗೋಣಿ ಅಲ್ಲೇ ಹಾಸಿದೆ."

"ಗೋಣಿ ಯಾರು ಬೇಕಾದ್ರೂ ಹಾಸ್ತಾರೆ. ತಪ್ಪಾಯ್ತು ಅಂತ ಒಂದು ಮಾತು ಅನ್ನು. ಉಳಿದದ್ದು ನಾನು ಸಾರ್ ಹತ್ರ ಮಾತಾಡ್ತೀನಿ."

"ಮಾಡದೇ ಇದ್ದಿದ್ದಕ್ಕೆ ಹೆಂಗೆ ಅನ್ಲಿ?"

"ಆರುನೂರ ಹನ್ನೆರಡು ಚೌಕ ನಾನು ನಡೆದಿದ್ದೀನಿ ಕೃಷ್ಣಪ್ಪ."

"ಹೌದು. ನಾನು ಕೂತ್ಕೊಂಡು ನೋಡಿದ್ದೀನಲ್ಲ" ಎಂದು ಕೃಷ್ಣಪ್ಪ ತೋಳು ಬಿಟ್ಟ.

ಉಪವಾಸದ ಆಯಾಸ, ಬಿಸಿಲು, ಗೇಟಿನಲ್ಲಿ ಹತ್ತು ಲಾರಿ ಎಂದು ಫಜಲುಲ್ಲಾ ಆಮೇಲೆ ತನಗೆ ತಾನೇ ನೆಪ ಹೇಳಿಕೊಂಡ. ನೆಪ ಅಷ್ಟೆ. ಅವನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಹೆಮ್ಮೆ. ಅಟ್ಟಿಯ ಹಿಂದೆ ಹೋಗಿ ನೋಡಿದರೆ ತನ್ನ ನಕ್ಷೆಯ ಮೇಲೆ ತನಗೇ ಅನುಮಾನ ಬಂದಂತಾಗುತ್ತದೆ ಎಂದು ಅವನು ಹೋಗಲಿಲ್ಲ.

ಕೃಷ್ಣಪ್ಪನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಗೋದಾಮು ಬೇಡ, ಅಂಗಳ ಗುಡಿಸಿಕೊಂಡಿರಿ ಎಂದರು. ಸಂಜೆಯೊಳಗೆ ಕೂಲಿಯವರ ಬಾಯಲ್ಲಿ ಅವನು ಎಣ್ಣೆ ಕೃಷ್ಣಪ್ಪ ಆಗಿದ್ದ. ಕೊರಳಿನ ಬಿಲ್ಲೆ ತೆಗೆದು ಮೇಸ್ತ್ರಿಯ ಮೇಜಿನ ಹಿಂದಿನ ಮೊಳೆಗೆ ನೇತುಹಾಕಿ, ಆರು ಗಂಟೆಯ ಬಸ್ಸಿಗೆ ವಸ್ತಾರೆಗೆ ಹೋದವನು ಮರುದಿನ ಬರಲಿಲ್ಲ.

ವಿಷಯ ಕೇಳಿ ಶಹರ್ ಬಾನು ಒಲೆಯ ಮುಂದಿನಿಂದ ಎದ್ದು ಬಂದಳು. "ಇಷ್ಟು ವರ್ಷ ಅವ್ರ ಮನೆ ರೊಟ್ಟಿ ತಿಂದಿದ್ದೀರಿ. ಅವ್ರು ಒಂದು ಸುಳ್ಳು ಹೇಳಿದ್ದು ಕೇಳಿದ್ದೀರಾ?"

"ನಿಂಗೆ ಮಿಷಿನ್ ವಿಷಯ ಗೊತ್ತಾಗಲ್ಲ."

"ಮಿಷಿನ್ ವಿಷಯ ನಾನು ಕೇಳಿಲ್ಲ" ಎಂದು ಅವಳು ಒಳಗೆ ಹೋದಳು.

ಐವತ್ತೇಳು ವರ್ಷದ, ಮಂಡಿ ಹೋದ ಕೂಲಿಯವನಿಗೆ ಸೀಜನ್ನಿನ ನಡುವೆ ಬೇರೆ ಕ್ಯೂರಿಂಗ್‌ನಲ್ಲಿ ಯಾರು ಕೆಲಸ ಕೊಡುತ್ತಾರೆ? ಹೆಸರಿಗೆ ಎಣ್ಣೆ ಬೇರೆ ಮೆತ್ತಿಕೊಂಡಿತ್ತು. ಗೋಣಿಬೀಡು ಕಡೆಯ ಒಂದು ಎಸ್ಟೇಟಿನಲ್ಲಿ ಕಾಳುಮೆಣಸಿನ ಕೊಯ್ಲು ನಡೆಯುತ್ತಿತ್ತು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಒಂದೇ ಬಿದಿರಿನ ಏಣಿ, ಗಿಣ್ಣಿನ ಮೇಲೆ ಕಾಲ್ಬೆರಳೂರಿ ಹತ್ತಬೇಕು. ಮಂಡಿ ಗಟ್ಟಿ ಇರುವವರ ಕೆಲಸ ಅದು. ಅಲ್ಲಿಗೆ ಸೇರಿದ ಕೃಷ್ಣಪ್ಪ ನಾಲ್ಕನೆಯ ದಿನ ಇಪ್ಪತ್ತಡಿ ಮೇಲಿನಿಂದ ಬೆನ್ನಡಿಯಾಗಿ ಬಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು, ಬೆನ್ನುಹುರಿಗೆ ಪೆಟ್ಟಾಗಿದೆ, ಇನ್ನು ಕಾಲು ಬರುವುದಿಲ್ಲ ಎಂದು ಮನೆಗೆ ಕಳಿಸಿದರು.

ಸುದ್ದಿ ಫಜಲುಲ್ಲಾನಿಗೆ ಮುಟ್ಟಿತು. ಹೋಗಿ ನೋಡಬೇಕು ಅನ್ನಿಸಿತು. ಹೋಗಿ ಏನು ಹೇಳುವುದು ಎಂದೂ ಅನ್ನಿಸಿತು. ತಪ್ಪೊಪ್ಪಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬ ಸಿಟ್ಟು ಇನ್ನೂ ಒಳಗಿತ್ತು. ಹಬ್ಬ ಮುಗಿಯಲಿ, ಹೋಗುತ್ತೇನೆ ಎಂದುಕೊಂಡ.

ಹಬ್ಬಕ್ಕೆ ಎರಡು ದಿನವಿತ್ತು. ಅವನು ದಿನಾ ಮಧ್ಯಾಹ್ನದ ನಮಾಜು ಮಾಡುತ್ತಿದ್ದ ಮೆಟ್ಟಿಲಡಿಯ ಜಾಗದಲ್ಲಿ ಅವತ್ತು ಯಾರೋ ಖಾಲಿ ಗೋಣಿಗಳ ಕಟ್ಟು ಪೇರಿಸಿದ್ದರು. ಚಾಪೆ ಹಿಡಿದುಕೊಂಡು ತೆರವು ಜಾಗ ಹುಡುಕುತ್ತಾ ಹೋದವನು ಪಡುಗೋಡೆಯ ಅಟ್ಟಿಯ ಹಿಂದಿನ ಸಂದಿಗೆ ಬಂದ. ಗೋಡೆಯ ಬದಿಗೆ ಮಡಿಸಿ ಹಾಸಿದ ಒಂದು ಗೋಣಿ. ಅದರ ಪಕ್ಕ ಒಣಗಿ ಸುರುಳಿಯಾದ ಬಾಳೆಲೆ ತುಂಡು. ಗೋಡೆಯ ಬಿರುಕಿನಲ್ಲಿ ಸಿಕ್ಕಿಸಿಟ್ಟ ಸಣ್ಣ ಸ್ಟೀಲ್ ಡಬ್ಬಿ, ತಳದಲ್ಲಿ ಒಣಗಿದ ಉಪ್ಪಿನಕಾಯಿ. ಆ ಡಬ್ಬಿಯನ್ನು ಫಜಲುಲ್ಲಾ ಕಟ್ಟೆಯ ಮೇಲೆ ಸಾವಿರ ಸಲ ನೋಡಿದ್ದ.

ಇಲ್ಲಿ ಕೂತು ಉಂಡಿದ್ದಾನೆ ಎಂದು ಗೊತ್ತಾಯಿತು. ಕ್ಯಾಂಟೀನ್ ಬಿಟ್ಟು, ಕದ್ದು, ಇಲ್ಲೇಕೆ ಎಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಟ್ಟಿಯಾಚೆ ಓಡಿ ಬರುವ ಸದ್ದು, ರಾಜೀವನ ಕೂಗು.

"ಮೇಸ್ತ್ರಿ! ಎಲ್ಲಿದ್ದೀರಿ?"

"ಇಲ್ಲೇ ಸಾರ್, ಪಡುಗೋಡೆ ಹತ್ರ."

ರಾಜೀವ್ ಸಂದಿಗೆ ತಲೆ ಹಾಕಿದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕಲ್ಲುಕೋಣೆಯ ಬೀಗದ ಕೈ. ಆ ಗಲಾಟೆಯಾದ ಮೇಲೆ ಕೋಣೆಗೆ ಬೀಗ ಹಾಕಿ, ಒಳಗೆ ಯಾರದ್ದಾದರೂ ಚುಕ್ಕಿ ಕಂಡರೆ ತನ್ನ ಫೋನು ಕೂಗುವಂತೆ ಮಾಡಿ, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ. "ನೀವು ಕಲ್ಲುಕೋಣೆಯೊಳಗಿದ್ದೀರಿ ಅಂತ ಫೋನ್ ಹೊಡ್ಕೊಳ್ತಾ ಇದೆ. ಬೀಗದ ಕೈ ನನ್ನ ಹತ್ರ ಇದೆ, ನೀವು ಒಳಗೆ ಹೇಗೆ ಹೋದ್ರಿ ಅಂತ ಓಡಿ ಬಂದೆ."

ಫಜಲುಲ್ಲಾ ತಲೆಯೆತ್ತಿ ನೋಡಿದ. ಮುಂದೆ ಚೆರಿ ಮೂಟೆಗಳ ಗೋಡೆ, ಹಿಂದೆ ಕಟ್ಟಡದ ಗೋಡೆ. ಬಿಳಿ ಡಬ್ಬಿ ಒಂದೂ ಕಾಣಲಿಲ್ಲ. ಬಣಕಲ್‌ನ ಮಂಜಿನಲ್ಲಿ ನಿಂತವನ ಕಿವಿಗೆ ಹತ್ತಿ ತುರುಕಿದರೆ ಗಿರಣಿಯೂ ಸಣ್ಣಗೆ, ಹಾರ್ನೂ ಸಣ್ಣಗೆ, ಸುತ್ತಿಗೆಯೂ ಸಣ್ಣಗೆ. ಆರೂ ಸಣ್ಣಗಾದರೆ ಕಲ್ಲುಕೋಣೆ ಎಂದೇ ಅರ್ಥ. ಅವನು ನಡೆದಾಗ ಇಲ್ಲಿ ಅಟ್ಟಿ ಇರಲಿಲ್ಲ. ಖಾಲಿ ಗೋದಾಮನ್ನು ನಡೆದು, ತುಂಬಿದ ಗೋದಾಮಿನಲ್ಲಿದ್ದ ಮನುಷ್ಯನನ್ನು ಸುಳ್ಳುಗಾರ ಮಾಡಿದ್ದ.

"ಕೋಣೆ ಬಾಗಿಲು ತೆಗೀರಿ ಸಾರ್" ಎಂದ.

ಬಾಗಿಲು ತೆಗೆದ ಕೂಡಲೇ ಮೂಗು ಹೇಳಿತು. ಅಲ್ಲಿದ್ದದ್ದು ನೀಲಗಿರಿ ಅಲ್ಲವೇ ಅಲ್ಲ. ಅವನು ಬಗ್ಗಿ, ಮೂಟೆಗಳ ಕೆಳಗೆ ಹಾಸಿದ್ದ ಹೊಸ ಮರದ ಹಲಗೆಗಳಿಗೆ ಮೂಗು ಹಚ್ಚಿದ. ಗೆದ್ದಲು ಹಿಡಿಯದಂತೆ ಬಳಿಯುವ ಎಣ್ಣೆ. ಫೆಬ್ರವರಿಯಲ್ಲಿ ಲಾಟ್ ಬರುವ ಹಿಂದಿನ ದಿನ ತರಿಸಿದ್ದು. ರಾಜೀವನೂ ಬಗ್ಗಿ ಮೂಸಿದ.

"ನಾವೇನೂ ಅವ್ರನ್ನ ತೆಗೆದುಹಾಕಿರ್ಲಿಲ್ಲ ಮೇಸ್ತ್ರಿ" ಎಂದ ರಾಜೀವ್. "ಅವ್ರೇ ಬಿಟ್ಟು ಹೋದ್ರು."

"ಹೌದು ಸಾರ್. ಕಳಿಸಿದ್ದು ನಾನು" ಎಂದು ಫಜಲುಲ್ಲಾ ಕೈಯಲ್ಲೇ ಉಳಿದಿದ್ದ ಉಪ್ಪಿನಕಾಯಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಗೇಟಿನಲ್ಲಿ ಲಾರಿಗಳು ನಿಂತಿದ್ದಂತೆಯೇ ಬಸ್‌ಸ್ಟ್ಯಾಂಡಿಗೆ ನಡೆದ.

ವಸ್ತಾರೆಯಲ್ಲಿ ಇಳಿದಾಗ ಐದೂವರೆ. ಹೆಂಚಿನ ಎರಡು ಕೋಣೆಯ ಮನೆ. ನಂಜಮ್ಮ ಬಾಗಿಲಲ್ಲಿ ಅವನನ್ನು ನೋಡಿ, ಬನ್ನಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಸರಿದು ನಿಂತಳು. ಕೃಷ್ಣಪ್ಪ ಕಿಟಕಿಯ ಬದಿ ಮಂಚದ ಮೇಲೆ ಮಲಗಿದ್ದ. ಹದಿನೈದು ದಿನದಲ್ಲಿ ಆ ಗಟ್ಟಿ ಕತ್ತು ಸಣಕಲಾಗಿತ್ತು. ನೀಲಗಿರಿ ಎಣ್ಣೆಯ ವಾಸನೆ ಇರಲಿಲ್ಲ. ಇನ್ನು ಆ ಮಂಡಿಗೆ ನೋವೂ ಇರಲಿಲ್ಲ.

ಅವನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಸೌಂದರ್ಯ ಮತ್ತೆ ನಡೆಯಲು ಹೇಳಿದ್ದನ್ನು ಹೇಳಿದ, ತಾನು ನಡೆಯದೇ ಇದ್ದದ್ದನ್ನು ಹೇಳಿದ. ಅಟ್ಟಿಯ ಹಿಂದಿನ ಚುಕ್ಕಿ, ರಾಜೀವನ ಕೈಯಲ್ಲಿದ್ದ ಬೀಗದ ಕೈ, ಗೆದ್ದಲೆಣ್ಣೆಯ ಹಲಗೆ. ಡಬ್ಬಿ ತೆಗೆದು ಮಂಚದ ಮೇಲಿಟ್ಟ. "ನಂದೇ ತಪ್ಪು ಕೃಷ್ಣಪ್ಪ. ನೀನು ಕರೆದಾಗ ನಾನು ಬರ್ಬೇಕಿತ್ತು. ನೀನು ಎಲ್ಲಿದ್ದೆ ಅಂತ ಇವತ್ತು ಗೊತ್ತಾಯ್ತು" ಎಂದ.

ಕೃಷ್ಣಪ್ಪ ಮಾಡು ನೋಡುತ್ತಾ ಕೇಳಿಸಿಕೊಂಡ. "ನಂಗೆ ಅವತ್ತೇ ಗೊತ್ತಿತ್ತಲ್ಲ ಮಾರಾಯ" ಎಂದ. ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಫಜಲುಲ್ಲಾ ಹೇಗೋ ತಡೆದುಕೊಳ್ಳುತ್ತಿದ್ದ.

ನಂಜಮ್ಮ ಗಂಜಿಯ ಬಟ್ಟಲು, ಚಮಚ ಹಿಡಿದುಕೊಂಡು ಬಂದಳು. ಕೃಷ್ಣಪ್ಪ ತಲೆ ಆಡಿಸಿದ.

"ಈಗ ಬೇಡ."

"ಐದಕ್ಕೇ ಕುಡೀಬೇಕಿತ್ತು. ಖಾಲಿ ಹೊಟ್ಟೆಲಿ ಮಾತ್ರೆ ಕೊಡಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ."

"ಆಮೇಲೆ ಅಂದ್ನಲ್ಲ."

ನಂಜಮ್ಮ ಬಟ್ಟಲು ಹಿಡಿದುಕೊಂಡೇ ಫಜಲುಲ್ಲಾನ ಕಡೆ ತಿರುಗಿದಳು. ಹದಿನೈದು ದಿನದಿಂದ ತಡೆದಿಟ್ಟದ್ದು ಆಗ ಹೊರಬಂತು.

"ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನೀವು ಎದುರಿಗಿದ್ರೆ ಇವ್ರು ಉಣ್ಣಲ್ಲ. ಉಪವಾಸ ಇರೋನ ಮುಂದೆ ತುತ್ತು ಎತ್ತೋದು ಹೆಂಗೆ ಅಂತ ಮೂವತ್ತು ವರ್ಷದಿಂದ ಇದೇ ಹಾಡು. ಮೊದ್ಲು ಕ್ಯಾಂಟೀನಿಗೆ ಹೋಗ್ತಿದ್ರು. ಮಂಡಿ ಹೋದ್ಮೇಲೆ ಅಲ್ಲಿ ಮೆಟ್ಲು ಹತ್ತಕ್ಕಾಗ್ದೆ ಆ ಮೂಟೆ ಹಿಂದೆ ಹೋಗಿ ಕೂತು ಉಂಡ್ರು. ಮ್ಯಾನೇಜರ್ ಮುಂದೆ ಹೇಳ್ಬೋದಿತ್ತಲ್ಲ ಅಂದೆ. ಗೋದಾಮಲ್ಲಿ ಉಂಡಿದ್ದು ಗೊತ್ತಾದ್ರೆ ಮೇಸ್ತ್ರಿ ಹೆಸ್ರು ಕೆಡತ್ತೆ, ಬೇಡ ಅಂದ್ರು."

"ನಂಜಿ, ಸಾಕು" ಎಂದ ಕೃಷ್ಣಪ್ಪ.

ಫಜಲುಲ್ಲಾ ಎದ್ದ. ಬಾಗಿಲು ದಾಟಿ ಜಗಲಿಯ ತುದಿಗೆ ಬಂದು, ಮನೆಗೆ ಬೆನ್ನು ಮಾಡಿ ಕೂತ. ಒಳಗೆ ಬಟ್ಟಲಿಗೆ ಚಮಚ ತಾಗುವ ಸದ್ದು ಒಂದೊಂದಾಗಿ ಕೇಳಿಸತೊಡಗಿತು. ಪ್ರತಿ ರಂಜಾನಿನಲ್ಲೂ ಕೃಷ್ಣಪ್ಪ ಅವನಿಗೆ ಕೇಳಿಸದಷ್ಟು ದೂರ ಒಯ್ದು ಉಂಡಿದ್ದ ಊಟ ಅದು. ಫಜಲುಲ್ಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಎದುರಿನ ಮನೆಯ ಹೆಂಗಸು ನೋಡಿ ಒಳಗೆ ಹೋದಳು.

ಬಿಸಿಲು ತೋಟದ ಮರಗಳ ಹಿಂದೆ ಇಳಿಯಿತು. ಕೊನೆಯ ಬಸ್ಸಿನ ಹೊತ್ತಾಗುತ್ತಾ ಬಂದರೂ ಅವನಿಗೆ ಏಳಲಾಗಲಿಲ್ಲ. ಕೃಷ್ಣಪ್ಪನ ಮಂಚದ ಪಕ್ಕದ ಕಿಟಕಿಯಿಂದ ಆಕಾಶ ಕಾಣುತ್ತಿತ್ತೋ, ಗೋಡೆಯ ಗಡಿಯಾರ ಕಾಣುತ್ತಿತ್ತೋ, ಅವನ ದನಿ ಕೇಳಿತು.

"ನಂಜಿ, ಹೊತ್ತು ಮುಳುಗ್ತು. ಅವ್ನಿಗೆ ನೀರು ಕೊಡು."

ನಂಜಮ್ಮ ಚೊಂಬಿನಲ್ಲಿ ನೀರು ತಂದು ಜಗಲಿಯ ಮೇಲಿಟ್ಟಳು. ಫಜಲುಲ್ಲಾ ಅದನ್ನು ಎತ್ತಿ ಬಾಯಿಗೆ ಹಿಡಿಯಲು ಬಹಳ ಹೊತ್ತು ಬೇಕಾಯಿತು.